ಸ್ವಲ್ಪ ಕೈ ಇಲ್ಲಿ ಕೊಡ್ರಿ

ಕುಸ್ತಿ ನೋಡಲು ಹೋದವನಿಗೆ ಕುಸ್ತಿ ಆಡಿದವನಿಗಿಂತ ಹೆಚ್ಚು ಮೈಕೈ ನೋವು ಹೇಗೆ ಬರುತ್ತದೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆಯೇ. ಬೆಳಗಾವಿಯ ಆನಂದವಾಡಿ ಆಖಾಡದಲ್ಲಿ ನಾನು ಯಾವ ಮೂಲೆಗೆ ಹೋಗಿ ಕೂತರೂ ಪಟ್ಟುಗಳನ್ನು ಬಿಡಿಸಿ ಹೇಳುವ ಒಬ್ಬ ಮಹಾನುಭಾವರು ಎಡಕ್ಕೋ ಬಲಕ್ಕೋ ಬಂದು ತಳವೂರುತ್ತಾರೆ. ಬಾಯಲ್ಲಿ ಹೇಳಿ ಸುಮ್ಮನಾದರೆ ನನ್ನದೇನೂ ತಕರಾರಿಲ್ಲ. ಆದರೆ ಅವರು "ಸ್ವಲ್ಪ ಕೈ ಇಲ್ಲಿ ಕೊಡ್ರಿ" ಅನ್ನುತ್ತಾರೆ. ಕೊಡುವ ತನಕ ಕಾಯುವುದಿಲ್ಲ. "ನೋಡ್ರಿ, ಹಿಂಗ ಹಿಡದು, ಹಿಂಗ ತಿರುವಿ, ಇಲ್ಲೊಂದು ಮೊಣಕಾಲ ಕೊಟ್ಟ್ರ ಮುಗದಹೋತು" ಎಂದು ತೋರಿಸುವಷ್ಟರಲ್ಲಿ ನನ್ನ ಹಿಡಿಯಲ್ಲಿದ್ದ ಶೇಂಗಾ ಮುಂದಿನ ಸಾಲಿನವರ ಟೋಪಿಯ ಮೇಲೆ ಬಿದ್ದಿರುತ್ತದೆ.

ಧೋಬಿ ಪಛಾಡ್ ಆದರೆ ಬರೀ ತೋಳಿನ ಕತೆ, ಎರಡು ದಿನ ಎಣ್ಣೆ ತಿಕ್ಕಿದರೆ ಸರಿಹೋಗುತ್ತದೆ. ಢಾಕ್ ವಿವರಿಸುವಾಗ ನನ್ನ ಕೊರಳು ಅವರ ಕಂಕುಳಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಆಖಾಡ ಕಾಣಿಸುವುದಿಲ್ಲ, ಅವರ ಅಂಗಿಯ ಮೂರನೆಯ ಗುಂಡಿ ಮಾತ್ರ ಕಾಣಿಸುತ್ತದೆ. ಕಲಾಜಂಗ್ ತೋರಿಸಲು ನಾನು ಇನ್ನೂ ಒಪ್ಪಿಲ್ಲ. ಅದರಲ್ಲಿ ಎದುರಾಳಿಯನ್ನು ಹೆಗಲ ಮೇಲೆ ಹೊತ್ತು ಉರುಳಿಸಬೇಕು. ನನ್ನ ತೂಕ ನೋಡಿ ಅವರಿಗೆ ಆಸೆಯಾಗುವುದು ಕಣ್ಣಲ್ಲೇ ತಿಳಿಯುತ್ತದೆ.

ನನ್ನ ಮೈಕಟ್ಟಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಚಿಕ್ಕವನಿದ್ದಾಗ ಅಪ್ಪ ನನ್ನನ್ನು ತಾಲೀಮಿಗೆ ಹಾಕಿದ್ದರು. ವಸ್ತಾದರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೊದಲು ಮಣ್ಣು ಹದ ಮಾಡುವುದನ್ನು ಕಲಿಯಲಿ ಎಂದರು. ಕೆಂಪು ಮಣ್ಣನ್ನು ಸೋಸಿ, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಕಲಸಿ ಮೆತ್ತಗೆ ಮಾಡುವ ಕೆಲಸ. ಅದನ್ನು ಚೆನ್ನಾಗಿ ಕಲಿತೆ. ಬಾದಾಮಿ ಅರೆದು ಥಂಡಾಯಿ ಮಾಡುವುದನ್ನು ಅದಕ್ಕಿಂತ ಚೆನ್ನಾಗಿ, ಕುಡಿಯುವುದನ್ನು ಎಲ್ಲಕ್ಕಿಂತ ಚೆನ್ನಾಗಿ ಕಲಿತೆ. ಕುಸ್ತಿ ಅಲ್ಲಿಗೇ ನಿಂತಿತು. ಅಂದಿನಿಂದ ನಾನು ನೋಡುವವರ ಪೈಕಿ.

ನೋಡುವವರದೂ ಒಂದು ವೃತ್ತಿಯೇ. ದೀಪಾವಳಿ ಮುಗಿದು ಗದ್ದೆ ಒಣಗಿದ ಮೇಲೆ ನಮ್ಮ ಕಡೆ ಜಾತ್ರೆಗಳು ಶುರುವಾಗುತ್ತವೆ. ಜಾತ್ರೆಯ ಹಿಂದೆಯೇ ಕುಸ್ತಿ. ಚಹಾದಂಗಡಿಯ ಗೋಡೆಗಳ ಮೇಲೆ 'ಜಂಗೀ ನಿಕಾಲಿ ಕುಸ್ತಿಗಳು' ಎಂಬ ಭಿತ್ತಿಪತ್ರ ಬೀಳುತ್ತದೆ. ಮದುವೆ ಕಾರ್ಡಿನಲ್ಲಿ ಬೀಗರ ಹೆಸರು ಹಾಕುವ ಹಾಗೆ ಅದರಲ್ಲಿ ಜೋಡಿಗಳ ಹೆಸರು, ನಡುವೆ ಮಾತ್ರ 'ವಿರುದ್ಧ' ಎಂಬ ಶಬ್ದ. ನಿಕಾಲಿ ಎಂದರೆ ಇತ್ಯರ್ಥ ಆಗಲೇಬೇಕು. ಚಾಪೆಯ ಕುಸ್ತಿಯ ಹಾಗೆ ಅಂಕ ಎಣಿಸಿ ಮನೆಗೆ ಕಳಿಸುವಂತಿಲ್ಲ, ಒಬ್ಬನ ಎರಡೂ ಭುಜ ಮಣ್ಣಿಗೆ ತಾಗಬೇಕು. ಯೆಳ್ಳೂರಿನ ಚಾಂಗಳೇಶ್ವರಿ ಜಾತ್ರೆಯ ಕುಸ್ತಿ, ಆನಂದವಾಡಿಯ ದೊಡ್ಡ ಮೈದಾನ, ಖಾನಾಪುರದ ಮಲಪ್ರಭಾ ಕ್ರೀಡಾಂಗಣದ ಕುಸ್ತಿ, ಇವುಗಳ ತಾರೀಖನ್ನು ಮಗಳ ಪರೀಕ್ಷೆಯ ತಾರೀಖಿಗಿಂತ ಗಟ್ಟಿಯಾಗಿ ನೆನಪಿಟ್ಟುಕೊಂಡವರ ಒಂದು ದಂಡೇ ಇದೆ. ನಾವು ಒಬ್ಬರಿಗೊಬ್ಬರು ಸಂಬಂಧಿಕರಲ್ಲ, ಓಣಿಯವರಲ್ಲ, ಒಂದೇ ಕಚೇರಿಯವರೂ ಅಲ್ಲ. ಹೆಸರುಗಳು ಕೂಡ ಸರಿಯಾಗಿ ಗೊತ್ತಿಲ್ಲ. ಟೋಪಿ ಕಾಕಾ, ದಮ್ಮಿನ ಮಾಮಾ, ಕಬ್ಬಿನ ಬಿಲ್ಲಿನ ಅಣ್ಣ ಎಂದು ಗುರುತು. ನನ್ನನ್ನು ಏನೆಂದು ಕರೆಯುತ್ತಾರೋ ಕೇಳಿಲ್ಲ. ಕೇಳದಿರುವುದೇ ಒಳ್ಳೆಯದು.

ಟೋಪಿ ಕಾಕಾ ಎಂದರೆ ನನ್ನ ತೋಳಿನ ಶತ್ರು. ಅವರಿಗೆ 1977 ಎಂದರೆ ಸಾಕು. ಆ ವರ್ಷ ನಮ್ಮ ಬೆಳಗಾವಿಯಲ್ಲಿ ದಿಲ್ಲಿಯ ಸತಪಾಲ್ ಮತ್ತು ಲಾತೂರ ಕಡೆಯ ಹರಿಶ್ಚಂದ್ರ ಬಿರಾಜದಾರ್ ಸೆಣಸಿದ್ದರು. ಸತಪಾಲ್ ಎಂದರೆ ಗುರು ಹನುಮಾನ್ ಅವರ ಶಿಷ್ಯ, ಮುಂದೆ 1982ರ ದಿಲ್ಲಿ ಏಷ್ಯಾಡ್‌ನಲ್ಲಿ ಚಿನ್ನ ಗೆದ್ದವರು, ಸುಶೀಲ್ ಕುಮಾರ್‌ಗೆ ಗುರುವಾದವರು. ಅಂಥವರನ್ನು ಬಿರಾಜದಾರ್ ಇಲ್ಲಿಯ ಮಣ್ಣಿನಲ್ಲಿ ಸೋಲಿಸಿದರು. ಬೆಳಗಾವಿಯಲ್ಲಿ ಒಂದು ವಯಸ್ಸು ದಾಟಿದ ಗಂಡಸರೆಲ್ಲ ಆ ದಿನ ಅಲ್ಲಿದ್ದವರೇ. ಅವರೆಲ್ಲರ ಮಾತು ನಿಜವಾದರೆ ಅಂದಿನ ಪ್ರೇಕ್ಷಕರ ಸಾಲು ಹಿಂಡಲಗಾ ದಾಟಿ ಸುಳಗಾದ ತನಕ ಹೋಗಿರಬೇಕು. ಟೋಪಿ ಕಾಕಾ ಮಾತ್ರ ಖರೇ ನೋಡಿದವರು ಎಂದು ನಾನು ನಂಬುತ್ತೇನೆ. ಯಾಕೆಂದರೆ ಉಳಿದವರು ಪಟ್ಟಿನ ಹೆಸರು ಹೇಳುತ್ತಾರೆ. ಇವರು, ಮುಂದೆ ಕೂತವನೊಬ್ಬ ಎದ್ದು ನಿಂತಿದ್ದರಿಂದ ಕೊನೆಯ ಪಟ್ಟು ತಮಗೆ ಕಾಣಲೇ ಇಲ್ಲ ಎಂದು ಇವತ್ತಿಗೂ ಅವನನ್ನು ಬೈಯುತ್ತಾರೆ.

ಈ ಎದ್ದು ನಿಲ್ಲುವವರ ಕಾಟವನ್ನು ಕೊಲ್ಹಾಪುರದ ಶಾಹೂ ಮಹಾರಾಜರು ಎಷ್ಟೋ ಮೊದಲೇ ಅರಿತಿದ್ದರು ಅನಿಸುತ್ತದೆ. ವಿಲಾಯತಿಗೆ ಹೋದಾಗ ರೋಮಿನ ಕಲೋಸಿಯಂ ನೋಡಿ ಬಂದು ಅವರು ಕಟ್ಟಿಸಿದ ಖಾಸಬಾಗ್ ಮೈದಾನ 1912ರಲ್ಲಿ ಮುಗಿಯಿತು. ನಡುವೆ ಆಖಾಡ, ಸುತ್ತ ಇಳಿಜಾರು. ಎಲ್ಲಿ ಕೂತರೂ ಮುಂದಿನವರ ತಲೆಯ ಮೇಲಿಂದ ಕಣ್ಣು ಹೋಗುತ್ತದೆ. ಅಷ್ಟೆಲ್ಲ ಮಾಡಿಸಿದರೂ ಅಲ್ಲಿಯೂ ಜನ ಎದ್ದು ನಿಲ್ಲುತ್ತಾರೆ. ಪಟ್ಟು ಬಿಗಿಯಾದಾಗ ಕೂತಿರುವುದು ಮನುಷ್ಯ ಸಾಧ್ಯವಲ್ಲ. ನಮ್ಮಲ್ಲಂತೂ ಒಬ್ಬ ಎದ್ದರೆ ಹಿಂದಿನಿಂದ "ಖಾಲೀ ಬಸಾ!" ಎಂಬ ಕೂಗು, ಅದರ ಬೆನ್ನಿಗೇ "ಕೆಳಗ ಕುಂಡ್ರೋ ಮಾರಾಯಾ!" ಎಂಬ ಕೂಗು, ಆಮೇಲೆ ಯಾವ ಭಾಷೆಗೂ ಸೇರದ ಒಂದು ಶಿಳ್ಳೆ. ಎದ್ದವನು ಮೂರಕ್ಕೂ ಬಗ್ಗುವುದಿಲ್ಲ. ಅವನ ಅಂಗಿ ಹಿಡಿದು ಜಗ್ಗಬೇಕು. ಜಗ್ಗಿದವನಿಗೂ ಜಗ್ಗಿಸಿಕೊಂಡವನಿಗೂ ಹತ್ತು ನಿಮಿಷದಲ್ಲಿ ದೋಸ್ತಿ ಆಗಿರುತ್ತದೆ, ಒಂದೇ ಪೊಟ್ಟಣದ ಶೇಂಗಾ ತಿನ್ನುತ್ತಿರುತ್ತಾರೆ.

ಆ ದೋಸ್ತಿಗೆ ಕಾರಣ ಕುಸ್ತಿಯ ರೋಮಾಂಚನ ಎಂದು ಮೊದಲು ಅಂದುಕೊಂಡಿದ್ದೆ. ಈಗ ಅನಿಸುವುದೇ ಬೇರೆ. ಕುಸ್ತಿಯಲ್ಲಿ ಬಹಳ ಹೊತ್ತು ಏನೂ ಆಗುವುದಿಲ್ಲ. ಇಬ್ಬರು ಪೈಲ್ವಾನರು ಶಡ್ಡು ಹೊಡೆದು, ಮಣ್ಣು ಹಚ್ಚಿಕೊಂಡು, ಹಸ್ತಲಾಘವ ಮಾಡಿ, ಒಬ್ಬರ ಹೆಗಲಿಗೆ ಒಬ್ಬರು ಹಣೆ ಆನಿಸಿ ನಿಂತುಬಿಡುತ್ತಾರೆ. ಹಲಗಿಯವರು ಬಡಿಯುತ್ತಲೇ ಇರುತ್ತಾರೆ. ಐದು ನಿಮಿಷ, ಹತ್ತು ನಿಮಿಷ. ಒಬ್ಬನ ಕೈ ಇನ್ನೊಬ್ಬನ ಕತ್ತಿನ ಹಿಂದೆ ಹೋಗಿ ವಾಪಸು ಬರುತ್ತದೆ. ಬಲ್ಲವರು ಅಷ್ಟಕ್ಕೇ "ಹಾಂ!" ಅನ್ನುತ್ತಾರೆ. ನಾನೂ ಅನ್ನುತ್ತೇನೆ. ಆ ಹೊತ್ತಿನಲ್ಲಿ ಪಕ್ಕದವರ ಮಗಳಿಗೆ ಗಂಡು ಗೊತ್ತಾದದ್ದು, ಕಾರ್ಖಾನೆಯವರು ಕಬ್ಬಿನ ಬಿಲ್ಲು ಬಾಕಿ ಇಟ್ಟದ್ದು, ಬತ್ತಕ್ಕೆ ರೋಗ ಬಿದ್ದದ್ದು, ಮೊಣಕಾಲಿಗೆ ಯಾವ ಊರಿನ ಎಣ್ಣೆ ಒಳ್ಳೆಯದು ಎಂಬುದು, ಎಲ್ಲ ತಿಳಿಯುತ್ತದೆ. ಮುಖ ನೋಡಿ ಮಾತಾಡುವ ಕಷ್ಟವಿಲ್ಲ. ಇಬ್ಬರ ಕಣ್ಣೂ ಆಖಾಡದ ಮೇಲೆ. ಎದುರುಬದುರು ಕೂತು ಹೇಳಲಾಗದ್ದನ್ನು ಮಗ್ಗುಲಿಗೆ ಕೂತು ಸಲೀಸಾಗಿ ಹೇಳಬಹುದು. ದಮ್ಮಿನ ಮಾಮಾ ತಮ್ಮ ಹಿರಿಯ ಮಗ ಮನೆ ಬಿಟ್ಟುಹೋದ ಸುದ್ದಿಯನ್ನು ನನಗೆ ಹೇಳಿದ್ದು ಹಾಗೆಯೇ. ಹೇಳುತ್ತ ಹೇಳುತ್ತ ನಡುವೆ "ಏಯ್, ಕಾಲ ತಗೋ, ಕಾಲ!" ಎಂದು ಕೂಗಿ, ಮತ್ತೆ ಬಿಟ್ಟ ಮಾತನ್ನೇ ಹಿಡಿದರು. ಆ ಪೈಲ್ವಾನ ಕಾಲು ತಗೊಳ್ಳಲಿಲ್ಲ.

ನನ್ನ ಅಕ್ಕನ ಮಗ ಶಿಕಾಗೋದಲ್ಲಿದ್ದಾನೆ. ಒಂದು ರವಿವಾರ ಫೋನು ಮಾಡಿ, "ಮಾಮಾ, ಇಲ್ಲಿ ಬೇಸ್‌ಬಾಲ್ ನೋಡಾಕ ಹೋಗಿದ್ವಿ. ಮೂರು ತಾಸು ಕುಂತ್ವಿ. ಏನೂ ಆಗಲಿಲ್ಲ. ಬಾಳ ಮಜಾ ಬಂತು" ಅಂದ. ನನಗೆ ಕೂಡಲೇ ಅರ್ಥವಾಯಿತು. ಅವನು ಹೋಗಿದ್ದು ರಿಗ್ಲಿ ಫೀಲ್ಡ್ ಎಂಬ ಹಳೆಯ ಮೈದಾನಕ್ಕೆ, 1914ರದ್ದು. ನಮ್ಮ ಖಾಸಬಾಗಿಗಿಂತ ಎರಡೇ ವರ್ಷ ಚಿಕ್ಕದು. ಅಲ್ಲಿಯೂ ಸಿಪ್ಪೆ ಸಮೇತ ಶೇಂಗಾ ಮಾರುತ್ತಾರಂತೆ. ಸಿಪ್ಪೆಯನ್ನು ಕಾಲಡಿ ಹಾಕುತ್ತಾರಂತೆ. ಮಾರುವವನು ದೂರ ನಿಂತರೆ ಪೊಟ್ಟಣ ಸಾಲಿನ ಒಬ್ಬೊಬ್ಬರ ಕೈ ದಾಟಿ ಬರುತ್ತದಂತೆ. "ನಡುವ ಯಾರೂ ತಿನ್ನಂಗಿಲ್ಲೇನೋ?" ಎಂದು ಕೇಳಿದೆ. ಇಲ್ಲವಂತೆ. ನಮ್ಮಲ್ಲಿ ನಾಲ್ಕು ಕೈ ದಾಟಿದ ಪೊಟ್ಟಣ ಅರ್ಧವಾಗಿಯೇ ಬರುವುದು, ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಆ ಮೈದಾನದ ತಂಡ ಕಬ್ಸ್. 1908ರಲ್ಲಿ ಪಟ್ಟ ಗೆದ್ದ ಮೇಲೆ ಮತ್ತೆ ಗೆದ್ದದ್ದು 2016ರಲ್ಲಿ. ನೂರೆಂಟು ವರ್ಷ, ಜಪಮಾಲೆಯ ಮಣಿಗಳಷ್ಟು. ಅಜ್ಜ ಕಾದು ಸತ್ತ, ಅಪ್ಪ ಕಾದು ಸತ್ತ, ಮೊಮ್ಮಗ ನೋಡಿದ. ನಾವು ಆರ್‌ಸಿಬಿಗೆ 2008ರಿಂದ 2025ರ ತನಕ ಕಾದದ್ದನ್ನೇ ದೊಡ್ಡ ತಪಸ್ಸು ಎಂದು ಹೇಳಿಕೊಂಡು ತಿರುಗಿದೆವು. ಆ ಜೂನ್ 3ರ ರಾತ್ರಿ ನಮ್ಮ ಓಣಿಯಲ್ಲೂ ಪಟಾಕಿ ಹಾರಿತು. ನಾನೂ ಹೊರಗೆ ಬಂದು ನಿಂತೆ. ಆದರೆ ಟೀವಿ ಮುಂದೆ ಒಬ್ಬನೇ ಕೂತು ಗೆದ್ದವನಿಗೆ ಕೈಕುಲುಕಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಎಡಗೈ ನೋಯುತ್ತಿರಲಿಲ್ಲ ಎಂಬುದೂ ಗಮನಕ್ಕೆ ಬಂತು.

ಶಿಕಾಗೋದ ಇನ್ನೊಂದು ಪದ್ಧತಿ ನನಗೆ ಬಹಳ ಹಿಡಿಸಿತು. ಚೆಂಡು ಪ್ರೇಕ್ಷಕರ ನಡುವೆ ಬಿದ್ದರೆ ಅದು ಹಿಡಿದವನದ್ದೇ. ಆದರೆ ಎದುರಾಳಿ ತಂಡದವನು ಹೋಮ್ ರನ್ ಹೊಡೆದ ಚೆಂಡಾದರೆ ಸುತ್ತಲಿನವರು ಅದನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ, ವಾಪಸು ಮೈದಾನಕ್ಕೆ ಎಸೆ ಎಂದು ಕೂಗಿ ಕೂಗಿ ಎಸೆಯಿಸುತ್ತಾರಂತೆ. ಇಷ್ಟು ಹಟ ನಮ್ಮ ಆಖಾಡದಲ್ಲಿ ನಡೆಯುವುದಿಲ್ಲ. ಇಲ್ಲಿ ನಮ್ಮವನು, ಪರವೂರಿನವನು ಎಂಬುದು ಮೊದಲ ಎರಡು ನಿಮಿಷ ಮಾತ್ರ. ಬೆಳಗಾವಿಯ ಹುಡುಗನ ಪರವಾಗಿ ಗಂಟಲು ಹರಿದುಕೊಂಡವರೇ, ಸಾಂಗಲಿಯ ಪೈಲ್ವಾನ ಚಂದ ಪಟ್ಟು ಹಾಕಿದರೆ "ಭಲೇ ಬಹಾದ್ದರ್!" ಎಂದು ಎದ್ದು ನಿಲ್ಲುತ್ತಾರೆ. ನಿಷ್ಠೆ ಎಂಬುದೇ ಇಲ್ಲವೇ ಎಂದು ಒಮ್ಮೆ ಟೋಪಿ ಕಾಕಾನನ್ನು ಕೇಳಿದೆ. "ಪಟ್ಟಿಗೆ ಊರೈತೇನ್ರಿ?" ಅಂದರು. ಹಾಗೆ ನೋಡಿದರೆ ದೇಶದ ಮೊದಲ ಹಿಂದ್ ಕೇಸರಿ ಶ್ರೀಪತಿ ಖಂಚನಾಳೆ, 1959ರಲ್ಲಿ ದಿಲ್ಲಿಯಲ್ಲಿ ಗೆದ್ದವರು, ನಮ್ಮ ಚಿಕ್ಕೋಡಿ ಕಡೆಯ ಯಕ್ಸಂಬಾದವರು. ಬೆಳೆದದ್ದು, ಬಾಳಿದ್ದು ಕೊಲ್ಹಾಪುರದಲ್ಲಿ, 2020ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಅವರು ಯಾರವರು ಎಂದು ಗಡಿಯ ಎರಡೂ ಕಡೆಯವರು ಕೇಳಿಕೊಳ್ಳುವುದಿಲ್ಲ, ಎರಡೂ ಕಡೆಯವರು ನಮ್ಮವರು ಎನ್ನುತ್ತಾರೆ. ನಮ್ಮ ಊರಿನಲ್ಲಿ ಅಂಗಡಿಯ ಬೋರ್ಡಿನ ಅಕ್ಷರಕ್ಕೆ ಜಗಳವಾಗುತ್ತದೆ, ಬಸ್ಸಿಗೆ ಮಸಿ ಬಳಿಯುತ್ತಾರೆ. ಆಖಾಡದ ಒಳಗೆ ನಾನು ಕಂಡ ದೊಡ್ಡ ಜಗಳಗಳೆಲ್ಲ ಭುಜ ತಾಗಿತೋ ಇಲ್ಲವೋ ಎಂಬುದರ ಮೇಲೆ ನಡೆದವು.

ಅಂಥ ಒಂದು ಜಗಳ ಖಾನಾಪುರದಲ್ಲಿ ನೋಡಿದ್ದು. ಖಾನಾಪುರಕ್ಕೆ ಬಸ್ಸಿನಲ್ಲಿ ಬೇಗ ಹೋಗಬಹುದು. ಆದರೆ ಕುಸ್ತಿಗೆ ಹೋಗುವವರು ಪ್ಯಾಸೆಂಜರ್ ರೈಲಿನಲ್ಲಿ ಹೋಗಬೇಕು ಎಂಬುದು ಟೋಪಿ ಕಾಕಾನ ಶಾಸ್ತ್ರ. ದೇಸೂರು, ಇದಲಹೊಂಡ ದಾಟುವಷ್ಟರಲ್ಲಿ ಡಬ್ಬಿಯಲ್ಲಿ ಯಾವ ಜೋಡಿ ಹೇಗೆ ಎಂಬ ಚರ್ಚೆ ಮುಗಿದಿರಬೇಕು. ಖಾನಾಪುರ ಎಂದರೆ ಮಡಿಕೆ ಹೆಂಚುಗಳ ಊರು, ಕುಂಬಾರಿಕೆ ಕಲಿಸುವ ಸಂಸ್ಥೆಯೇ ಅಲ್ಲಿದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಊರ ಮಗ್ಗುಲಿಗೇ ಹರಿಯುತ್ತಾಳೆ. ಕಾಡಂಚಿನ ಹಳ್ಳಿಗಳಿಂದ ಎಮ್ಮೆ ಕಟ್ಟುವ ಗೌಳಿಗರು ಬಂದಿರುತ್ತಾರೆ, ಕೊಂಕಣಿ ಮಾತಾಡುವವರು, ಮರಾಠಿಯವರು, ನಂದಗಡ ಇಟಗಿ ಕಡೆಯ ಕನ್ನಡದವರು, ಪೇಟೆಯ ಉರ್ದುವಿನವರು. ಪೈಲ್ವಾನನಿಗೆ ಸಲಹೆ ಕೊಡುವಾಗ ಇವರೆಲ್ಲ ಒಂದೇ ಭಾಷೆಗೆ ಬರುತ್ತಾರೆ. ಅದರಲ್ಲಿ ಕ್ರಿಯಾಪದಗಳೇ ಹೆಚ್ಚು: ಹಿಡಿ, ಮಾರ್, ಓಡ್, ಹಾಕ್.

ಅಲ್ಲಿ ಮೊದಲಿಗೆ ಚಿಕ್ಕ ಹುಡುಗರ ಜೋಡಿಗಳು. ಒಬ್ಬ ಹುಡುಗ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದ್ದಾನೆ. ಹನ್ನೊಂದೋ ಹನ್ನೆರಡೋ ವಯಸ್ಸು. ಕೆಂಪು ಲಂಗೋಟಿ ಅವನ ಅಣ್ಣನದಿರಬೇಕು, ಎರಡು ಸುತ್ತು ಹೆಚ್ಚು ಸುತ್ತಿದ್ದರು. ಎಡಗಿವಿ ಆಗಲೇ ಮುದುಡಲು ಶುರುವಾಗಿತ್ತು. ಎದುರಿನವನನ್ನು ಏಕಲಂಗಿ ಹಾಕಿ ಕೆಡವಿದ. ಪಂಚರು ಕೈ ಎತ್ತಿ ಗೆದ್ದವನೆಂದು ತೋರಿಸಿದರು. ಆದರೆ ನಮ್ಮ ಸಾಲಿನ ಎಡಭಾಗ "ಆತು", ಬಲಭಾಗ "ಆಗಿಲ್ಲ" ಎಂದಿತು. ಬಲಭಾಗದವರ ಪ್ರಕಾರ ಬಿದ್ದವನ ಒಂದು ಭುಜದ ಕೆಳಗೆ ಅಂಗೈ ಹೋಗುವಷ್ಟು ಜಾಗವಿತ್ತು. ಇದನ್ನು ಇತ್ಯರ್ಥ ಮಾಡಲು ದಮ್ಮಿನ ಮಾಮಾ ಸ್ವತಃ ನೆಲದ ಮೇಲೆ ಮಲಗಿದರು. ಕಬ್ಬಿನ ಬಿಲ್ಲಿನ ಅಣ್ಣ ಅವರ ಭುಜದ ಕೆಳಗೆ ಅಂಗೈ ತೂರಿಸಿದ. ತೂರಲಿಲ್ಲ. ಮಾಮಾನ ಭುಜ ದಪ್ಪ, ಹುಡುಗನದು ತೆಳು, ಇದು ಸಾಕ್ಷಿಯಾಗುವುದಿಲ್ಲ ಎಂದು ಬಲಭಾಗದವರು ತಕರಾರು ತೆಗೆದರು. ಆಗ ತೆಳು ಭುಜದವರು ಯಾರಿದ್ದಾರೆ ಎಂದು ಎಲ್ಲರೂ ಸುತ್ತ ನೋಡಿ, ನನ್ನ ಕಡೆ ನೋಡಿದರು. ನಾನು ಅಂಗಿಯ ಮಣ್ಣು ಝಾಡಿಸಿಕೊಂಡು ಏಳುವ ಹೊತ್ತಿಗೆ ಆಖಾಡದಲ್ಲಿ ಮುಂದಿನ ಜೋಡಿಯ ಕುಸ್ತಿಯೂ ಮುಗಿದಿತ್ತು. ಅದರಲ್ಲಿ ಯಾರು ಗೆದ್ದರೆಂದು ನಮ್ಮ ಸಾಲಿನಲ್ಲಿ ಒಬ್ಬರೂ ನೋಡಿರಲಿಲ್ಲ.

ಅದೇ ದಿನ ಹುಡುಗಿಯರ ಜೋಡಿಗಳೂ ಇದ್ದವು. ಪಕ್ಕದ ಹಳಿಯಾಳದ ಲೀನಾ ಸಿದ್ಧಿಯಂಥವರು ಹೆಸರು ಮಾಡಿದ ಮೇಲೆ ಈ ಭಾಗದ ಮೈದಾನಗಳಲ್ಲಿ ಹುಡುಗಿಯರ ಕುಸ್ತಿ ಇಲ್ಲದಿದ್ದರೆ ಜನ ಕೇಳುತ್ತಾರೆ. ಅವರ ಜತೆ ತಾಯಂದಿರೂ ಬಂದು ಕೂಡುತ್ತಾರೆ. ನಮ್ಮ ಹಿಂದೆ ಕೂತ ಒಬ್ಬ ತಾಯಿ ಮಗಳ ಕುಸ್ತಿ ನಡೆದಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿದ್ದಳು. ಟೋಪಿ ಕಾಕಾ ಆಕೆಗೆ ಒಂದೊಂದೇ ಪಟ್ಟು ಹೇಳುತ್ತ ಹೋದರು, "ಈಗ ಕೊರಳಾಗ ಕೈ ಹಾಕ್ಯಾಳ ನೋಡವ್ವಾ, ಈಗ ಬಿಡಿಸಿಕೊಂಡ್ಳು" ಎಂದು. ಯಾರ ಕೈಯನ್ನೂ ಹಿಡಿಯದೆ ಅವರು ಕುಸ್ತಿ ವಿವರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಇಷ್ಟೆಲ್ಲ ಬಳಕೆಯಿದ್ದರೂ ಒಮ್ಮೆ ಖಡೇಬಜಾರಿನಲ್ಲಿ ಟೋಪಿ ಕಾಕಾ ಎದುರಾದಾಗ ನಮ್ಮಿಬ್ಬರಿಗೂ ಮಾತೇ ಹೊರಡಲಿಲ್ಲ. ಅವರ ಕೈಯಲ್ಲಿ ಕುಂದಾದ ಡಬ್ಬಿ, ನನ್ನ ಕೈಯಲ್ಲಿ ಕೊತ್ತಂಬರಿ ಸಿವುಡು. ಟೋಪಿ ಹಾಕಿರಲಿಲ್ಲವಾದ್ದರಿಂದ ನನಗೆ ಗುರುತು ಹತ್ತಲು ತಡವಾಯಿತು. ಆರಾಮ ಅಂದೆ, ಆರಾಮ ಅಂದರು. ಮಳೆ ಎಂದೆ, ಹೌದು ಮಳೆ ಎಂದರು. ಜೂನ್ ತಿಂಗಳು, ಆಖಾಡಗಳೆಲ್ಲ ಬಂದ್. ಹೆಸರು ಕೇಳೋಣವೆಂದರೆ ಇಷ್ಟು ವರ್ಷದ ಮೇಲೆ ಹೇಗೆ ಕೇಳುವುದು? ಕೊನೆಗೆ ಅವರೇ, "ದೀಪಾವಳಿ ಆದ ಮ್ಯಾಲ ಬರ್ತೀರಲ್ಲ?" ಅಂದರು. ಬರ್ತೀನ್ರಿ ಎಂದೆ. ಇಬ್ಬರಿಗೂ ಹಗುರವಾಯಿತು.

ಬರದೆ ಎಲ್ಲಿ ಹೋಗಲಿ? ಕುಸ್ತಿಗೆ ನೋಡುವವರ ಋಣ ಬಹಳ ಹಳೆಯದು. ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ್ 1952ರಲ್ಲಿ ಹೆಲ್ಸಿಂಕಿಗೆ ಹೋಗಿ ಕಂಚು ತಂದರಲ್ಲ, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ, ಅವರನ್ನು ಕಳಿಸಲು ಊರವರು ಚಂದಾ ಎತ್ತಿದ್ದರು. ಅವರು ಓದಿದ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಹೊಂದಿಸಿದ್ದರು. ಆ ಕಾಲದ ಏಳು ಸಾವಿರ. ಪದಕ ತಂದಾಗ ನೂರಕ್ಕೂ ಹೆಚ್ಚು ಎತ್ತಿನ ಬಂಡಿಗಳ ಮೆರವಣಿಗೆ. ಜಾಧವರು ಸಾಲ ಕೊಟ್ಟವರನ್ನು ಮರೆಯಲಿಲ್ಲ, ಪ್ರದರ್ಶನ ಕುಸ್ತಿಗಳನ್ನು ಏರ್ಪಡಿಸಿ, ಬಂದ ಹಣದಿಂದ ಪ್ರಾಂಶುಪಾಲರ ಮನೆ ಬಿಡಿಸಿಕೊಟ್ಟರು.

ನಮ್ಮಿಂದ ಮನೆ ಒತ್ತೆಯಿಡುವುದು ಆಗದು. ಆದರೆ ಗೆದ್ದ ಹುಡುಗ ಕುಸ್ತಿ ಮುಗಿದ ಮೇಲೆ ಮೈಮೇಲಿನ ಮಣ್ಣು ಕೂಡ ಒರೆಸದೆ ಸುತ್ತಲಿನ ಸಾಲುಗಳ ಮುಂದೆ ಕೈಯೊಡ್ಡಿ ಬರುತ್ತಾನೆ. ಇದು ಹಳೆಯ ಪದ್ಧತಿ, ನಾಚುವಂಥದ್ದೇನೂ ಇಲ್ಲ. ಕೊಟ್ಟವರ ಕಾಲು ಮುಟ್ಟಿ ನಮಸ್ಕರಿಸಿ ಮುಂದೆ ಹೋಗುತ್ತಾನೆ. ಹತ್ತಿಪ್ಪತ್ತು ರೂಪಾಯಿಗಳೇ ಸೇರಿ ಅವನ ಒಂದು ತಿಂಗಳ ಹಾಲು ಬಾದಾಮಿಯ ಖರ್ಚಾಗುತ್ತದೆ. ಈಚೆಗೆ ಮುಂದಿನ ಸಾಲಿನವರೆಲ್ಲ ಮೊಬೈಲ್ ತೆಗೆದು ಸ್ಕ್ಯಾನರ್ ಎಲ್ಲಿ ಎಂದು ಹುಡುಗನ ಮುಖ ನೋಡುತ್ತಾರೆ. ಲಂಗೋಟಿಯಲ್ಲಿ ನಿಂತವನು ಸ್ಕ್ಯಾನರ್ ಎಲ್ಲಿ ಇಟ್ಟುಕೊಳ್ಳಬೇಕು? ಆದ್ದರಿಂದ ಈ ಸಲ ದೀಪಾವಳಿಯ ನಂತರ ನೀವು ಬೆಳಗಾವಿ, ಖಾನಾಪುರ ಕಡೆ ಕುಸ್ತಿ ನೋಡಲು ಬರುವುದಾದರೆ ದಯವಿಟ್ಟು ಜೇಬಿನಲ್ಲಿ ಹತ್ತು ರೂಪಾಯಿಯ ಒಂದು ಕಟ್ಟು ಇಟ್ಟುಕೊಂಡು ಬನ್ನಿ. ಸೋತ ಹುಡುಗ ಸುತ್ತು ಹಾಕುವುದಿಲ್ಲ, ಹಿಂದಿನ ದಾರಿಯಿಂದ ಹೋಗುತ್ತಾನೆ. ಅವನಿಗೂ ಒಂದು ನೋಟು ತೆಗೆದಿಡಿ.